ಯೋಬನ ಗೆಳೆಯರು ಯಾಕೆ ಅಷ್ಟೊಂದು ಮಾತಾಡುತ್ತಾರೆ?

ಪ್ರಶ್ನೆ: ಬೈಬಲ್ಲಿನ ಹಳೆಯ ಒಡಂಬಡಿಕೆಯ ಯೋಬನ ಪುಸ್ತಕ ಓದಿದೆ. ಕಥೆ ಮೊದಲ ಎರಡು ಅಧ್ಯಾಯ ಮತ್ತು ಕೊನೆಯ ಅಧ್ಯಾಯದಲ್ಲೇ ಇದೆ. ನಡುವೆ ಬರೀ ವಾದ, ಹೇಳಿದ್ದನ್ನೇ ಹೇಳುತ್ತಾರೆ. ಅದನ್ನು ಬಿಟ್ಟು ಓದಿದರೆ ಏನು ನಷ್ಟ?
– ಶಿವಮೊಗ್ಗದ ಓದುಗರೊಬ್ಬರು

ಸಂಪಾದಕರ ಉತ್ತರ:

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೂ ದಯವಿಟ್ಟು ಬಿಡಬೇಡಿ. ಈ ಪುಸ್ತಕದ ಜೀವ ಇರುವುದೇ ಆ ವಾದದಲ್ಲಿ.

ಶುರು ಮತ್ತು ಕೊನೆ ಗದ್ಯ. 3ನೇ ಅಧ್ಯಾಯದಿಂದ 42ರ ಆರನೇ ವಚನದವರೆಗೆ ಹೆಚ್ಚುಕಡಿಮೆ ಎಲ್ಲವೂ ಪದ್ಯ. ಗದ್ಯದ ಯೋಬ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋದರೂ ದೇವರನ್ನು ದೂರುವುದಿಲ್ಲ. ಪದ್ಯದ ಯೋಬ ಬಾಯಿ ತೆರೆದ ಕೂಡಲೇ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ನಡುವಿನದನ್ನು ಬಿಟ್ಟರೆ ನಿಮಗೆ ಸಿಗುವುದು ತಾಳ್ಮೆಯ ಯೋಬ ಮಾತ್ರ. ಕೋಪದ ಯೋಬ ಕೈತಪ್ಪಿ ಹೋಗುತ್ತಾನೆ.

ಈಗ ವಾದಕ್ಕೆ ಬರೋಣ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು. ಒಬ್ಬೊಬ್ಬರೇ ಮಾತಾಡುತ್ತಾರೆ, ಪ್ರತಿಯೊಬ್ಬರಿಗೂ ಯೋಬ ಉತ್ತರ ಕೊಡುತ್ತಾನೆ. ಇಂಥ ಸುತ್ತು ಮೂರು. ಮೂವರ ನಂಬಿಕೆಯೂ ಒಂದೇ: ಕಷ್ಟ ಬಂದಿದೆ ಅಂದರೆ ತಪ್ಪು ಮಾಡಿರಲೇಬೇಕು. ಅದಕ್ಕೇ ನಿಮಗೆ ಹೇಳಿದ್ದನ್ನೇ ಹೇಳಿದಂತೆ ಕಂಡಿದೆ. ಆದರೆ ದನಿ ಬದಲಾಗುವುದನ್ನು ಗಮನಿಸಿ. 4ನೇ ಅಧ್ಯಾಯದಲ್ಲಿ ಎಲೀಫಜ ಹಿಂಜರಿಯುತ್ತ ಮಾತು ಶುರುಮಾಡುತ್ತಾನೆ. ಎಷ್ಟೋ ಜನರಿಗೆ ನೀನೇ ಧೈರ್ಯ ಹೇಳಿದವನಲ್ವಾ ಎನ್ನುತ್ತಾನೆ. 22ನೇ ಅಧ್ಯಾಯಕ್ಕೆ ಬರುವಾಗ ಅದೇ ಎಲೀಫಜ, ನೀನು ಬಾಯಾರಿದವರಿಗೆ ನೀರು ಕೊಡಲಿಲ್ಲ, ಹಸಿದವರಿಗೆ ಅನ್ನ ಕೊಡಲಿಲ್ಲ ಎಂದು ಆರೋಪ ಹೊರಿಸುತ್ತಾನೆ. ಸಾಕ್ಷಿ ಒಂದೂ ಇಲ್ಲ! ತನ್ನ ಸಿದ್ಧಾಂತ ಉಳಿಯಬೇಕಾದರೆ ಗೆಳೆಯ ಪಾಪಿಯೇ ಆಗಬೇಕು. ಈ ಪುಸ್ತಕದಲ್ಲಿ ನನಗೆ ಜಾಸ್ತಿ ನೋವು ಕೊಡುವ ಜಾಗ ಇದು.

ಮೂರನೆಯ ಸುತ್ತಿನಲ್ಲಿ ಈ ಕ್ರಮವೇ ಮುರಿದು ಬೀಳುತ್ತದೆ. ಹಿಂದೆ 20ಕ್ಕೂ ಹೆಚ್ಚು ವಚನ ಮಾತಾಡಿದ್ದ ಬಿಲ್ದದ 25ನೇ ಅಧ್ಯಾಯದಲ್ಲಿ ಆರೇ ವಚನಕ್ಕೆ ಸುಮ್ಮನಾಗುತ್ತಾನೆ. ಚೋಫರ ಬಾಯಿಯನ್ನೇ ಬಿಡುವುದಿಲ್ಲ. 27ನೇ ಅಧ್ಯಾಯದಲ್ಲಂತೂ ಗೆಳೆಯರ ವಾದದಂಥ ಮಾತು ಯೋಬನ ಬಾಯಲ್ಲೇ ಬರುತ್ತದೆ. ನಕಲು ಮಾಡುವಾಗ ಸಾಲುಗಳು ಕಲಸಿಹೋಗಿವೆ, ಇದು ಚೋಫರನ ಮಾತೇ ಇರಬೇಕು ಎನ್ನುವ ವಿದ್ವಾಂಸರಿದ್ದಾರೆ. ಇರಬಹುದು. ಆದರೆ ನಮ್ಮ ಕೈಯಲ್ಲಿರುವ ಪುಸ್ತಕ ಹೀಗಿದೆ, ಹೀಗೇ ಓದಿದಾಗ ಅದಕ್ಕೊಂದು ಬಲ ಇದೆ ಎಂಬುದು ನನ್ನ ಅಭಿಪ್ರಾಯ. ಮಾತು ಮುಗಿದುಹೋದವರ ವಾದ ಹೀಗೇ ಕುಸಿಯುತ್ತದೆ.

ಹೋಲಿಕೆಗೆ ಬ್ಯಾಬಿಲೋನಿನ ಒಂದು ಹಳೆಯ ಪದ್ಯವನ್ನು ನೋಡಬಹುದು. ಅಲ್ಲೂ ನೊಂದವನೊಬ್ಬ ಗೆಳೆಯನ ಜೊತೆ ವಾದಕ್ಕಿಳಿಯುತ್ತಾನೆ. ಅದರಲ್ಲಿ ಒಟ್ಟು 27 ಭಾಗ, ಒಂದೊಂದಕ್ಕೂ 11 ಸಾಲು. ಕೊನೆಯವರೆಗೂ ಸರದಿ ತಪ್ಪುವುದಿಲ್ಲ. ಯೋಬನ ಪುಸ್ತಕದಲ್ಲಿ ಆ ಅಚ್ಚುಕಟ್ಟು ಉಳಿಯುವುದೇ ಇಲ್ಲ.

ಆಮೇಲೆ 32ನೇ ಅಧ್ಯಾಯದಲ್ಲಿ ಎಲೀಹು ಎಂಬ ಯುವಕ ದಿಢೀರನೆ ಬಂದು 37ರವರೆಗೂ ಮಾತಾಡುತ್ತಾನೆ. ಶುರುವಿನಲ್ಲೂ ಕೊನೆಯಲ್ಲೂ ಅವನ ಹೆಸರಿಲ್ಲ. ಅವನಿಗೆ ಯಾರೂ ಉತ್ತರ ಕೊಡುವುದಿಲ್ಲ. ಈ ಭಾಗ ಆಮೇಲೆ ಸೇರಿದ್ದು ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಇದನ್ನು ಬೇಕಾದರೆ ಬೇಗ ಓದಿ ಮುಗಿಸಿ.

38ರಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಯೋಬನ ಪ್ರಶ್ನೆಗೆ ಉತ್ತರ ಕೊಡದೆ ತಾನೇ ಪ್ರಶ್ನೆಗಳ ಮಳೆ ಸುರಿಸುತ್ತಾನೆ. ಆದರೆ 42ನೇ ಅಧ್ಯಾಯದ ಏಳನೇ ವಚನದಲ್ಲಿ ತೀರ್ಪು ಬರುತ್ತದೆ: ನನ್ನ ವಿಷಯದಲ್ಲಿ ಯೋಬ ಸರಿಯಾಗಿ ಮಾತಾಡಿದ, ನೀವು ಮೂವರು ಹಾಗೆ ಮಾತಾಡಲಿಲ್ಲ. ಅಷ್ಟು ಕೂಗಾಡಿದವನ ಮಾತು ಸರಿ, ದೇವರ ಪರ ವಾದಿಸಿದವರದು ತಪ್ಪು! ನಡುವಿನ ಅಧ್ಯಾಯಗಳನ್ನು ಬಿಟ್ಟವರಿಗೆ ಈ ಮಾತಿನ ತೂಕ ಗೊತ್ತಾಗುವುದು ಹೇಗೆ?

ಇನ್ನೊಮ್ಮೆ ಓದುವಾಗ 4, 22, 31 ಈ ಮೂರು ಅಧ್ಯಾಯಗಳನ್ನು ಒಂದರ ಹಿಂದೊಂದು ಓದಿ. ಎಲೀಫಜನ ಆರೋಪಕ್ಕೆ ಯೋಬ ಆಣೆಯಿಟ್ಟು ಕೊಡುವ ಉತ್ತರ 31ರಲ್ಲಿದೆ. ಓದಿದ ಮೇಲೆ ಏನನ್ನಿಸಿತು ಅಂತ ಖಂಡಿತ ಬರೆಯಿರಿ.