ಆನ್‌ಲೈನ್ ಹರಾಜಿನಲ್ಲಿ ಗೆದ್ದವರು ದುಡ್ಡು ಹಾಕದೆ ಸತಾಯಿಸಿದರೆ ಏನು ಮಾಡೋದು?

ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ ಹಳೆಯ ಅಂಚೆ ಸ್ಟಾಂಪು, ಕವರುಗಳನ್ನು ಹರಾಜಿಗೆ ಹಾಕುತ್ತೀರಿ. ಗೆದ್ದವರೊಬ್ಬರು "ನಾಳೆ ಹಾಕ್ತೀನಿ" ಅಂತ ಹತ್ತು ದಿನದಿಂದ ಎಳೆಯುತ್ತಿದ್ದಾರೆ. ಜೋರು ಮಾಡಿದರೆ ಗಿರಾಕಿ ಕೈತಪ್ಪುತ್ತಾರೆ, ಸುಮ್ನಿದ್ದರೆ ಮಾಲು ಹಾಗೇ ಬಿದ್ದಿರುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಇದೇ ಮಾಲು ಮಾರುವವನು. ಇಲ್ಲಿನ ಗುಂಪುಗಳಲ್ಲೂ ಹಾಕುತ್ತೇನೆ, ಇಬೇ ಅನ್ನುವ ಆನ್‌ಲೈನ್ ಹರಾಜು ತಾಣದಲ್ಲಿ ಹೊರದೇಶದವರಿಗೂ ಮಾರುತ್ತೇನೆ.

ಮೊದಲನೇ ಮಾತು, ತಡ ಮಾಡುವವರೆಲ್ಲ ಕೈಕೊಡುವವರಲ್ಲ. ನನ್ನ ಹತ್ತಿರ ವರ್ಷಗಳಿಂದ ತಗೊಳ್ಳುತ್ತಿರುವ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ತಿಂಗಳ ಕೊನೆಯಲ್ಲಿ ಗೆದ್ದರೆ ಪೆನ್ಷನ್ ಬಂದ ಮೇಲೇ ದುಡ್ಡು ಹಾಕೋದು. ಆದರೆ ಗೆದ್ದ ರಾತ್ರಿಯೇ "ಒಂದನೇ ತಾರೀಕು ಹಾಕ್ತೀನಿ ಸಾರ್" ಅಂತ ಹೇಳಿಬಿಡುತ್ತಾರೆ. ಹಾಗೇ ಹಾಕುತ್ತಾರೆ ಕೂಡ. ಇನ್ನು ಕೆಲವರು ಒಂದೇ ವಾರದಲ್ಲಿ ನಾಲ್ಕೈದು ಲಾಟ್ (ಹರಾಜಿಗಿಟ್ಟ ಒಂದೊಂದು ಮಾಲು) ಗೆದ್ದು, ಎಲ್ಲ ಒಂದೇ ಪಾರ್ಸೆಲ್‌ನಲ್ಲಿ ಬರಲಿ, ಅಂಚೆ ಖರ್ಚು ಉಳಿಯಲಿ ಅಂತ ಕಾಯುತ್ತಾರೆ. ಇವರಿಬ್ಬರನ್ನೂ ಕಳೆದುಕೊಳ್ಳಬೇಡಿ. ನಿಜವಾದ ತಲೆನೋವು ತಾರೀಕನ್ನೇ ಹೇಳದವರದು. ಮೆಸೇಜ್ ನೋಡಿರುತ್ತಾರೆ, ಉತ್ತರ ಇಲ್ಲ. ಆದರೆ ಪಕ್ಕದ ಗುಂಪಿನಲ್ಲಿ ಅದೇ ಹೊತ್ತಿಗೆ ಬಿಡ್ ಹಾಕುತ್ತಿರುತ್ತಾರೆ.

ಈ ಎರಡು ಥರದವರನ್ನು ಬೇರೆ ಮಾಡಬೇಕಾದರೆ ಗಡುವು ಬೇಕು. ಅದನ್ನು ಹರಾಜಿನ ಪೋಸ್ಟ್‌ನಲ್ಲೇ ಬರೆದಿರಬೇಕು. ನಾನು ಪ್ರತಿ ಲಾಟ್‌ನ ಫೋಟೊ ಕೆಳಗೆ ಹಾಕೋದು ಇಷ್ಟು: "ಹರಾಜು ರಾತ್ರಿ 9ಕ್ಕೆ ಮುಗಿಯುತ್ತದೆ. ಗೆದ್ದವರು 48 ಗಂಟೆಯೊಳಗೆ ಯುಪಿಐ ಮಾಡಬೇಕು. ಸಮಯ ಬೇಕಿದ್ದರೆ ಅದರೊಳಗೇ ತಿಳಿಸಿ, ಗರಿಷ್ಠ 7 ದಿನ. ಗಡುವು ಮೀರಿದರೆ ಲಾಟ್ ಮರುಹರಾಜಿಗೆ ಹೋಗುತ್ತದೆ."

ಇದು ಸುಮ್ನೆ ಶಿಸ್ತಿನ ಮಾತಲ್ಲ, ಹಿಂದೆ ಕಾನೂನೂ ಇದೆ. 1930ರ ಸರಕು ಮಾರಾಟ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಒಪ್ಪಂದದಲ್ಲಿ ಬೇರೆ ಉದ್ದೇಶ ಕಾಣದಿದ್ದರೆ ದುಡ್ಡು ಕೊಡುವ ಸಮಯವನ್ನು ಒಪ್ಪಂದದ ಜೀವಾಳ ಅಂತ ಎಣಿಸುವುದಿಲ್ಲ. ಅಂದರೆ ನೀವು ಗಡುವನ್ನು ಸ್ಪಷ್ಟವಾಗಿ ಬರೆಯದಿದ್ದರೆ, "ತಡ ಆಯ್ತು, ಮಾರಾಟ ರದ್ದು" ಅನ್ನೋದಕ್ಕೆ ಗಟ್ಟಿ ನೆಲ ಇರೋದಿಲ್ಲ. 64ನೇ ಸೆಕ್ಷನ್ ಹರಾಜಿನದ್ದು. ಸುತ್ತಿಗೆ ಬಡಿದಾಗ ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಘೋಷಿಸಿದಾಗ ಮಾರಾಟ ಮುಗಿಯುತ್ತದೆ, ಅಲ್ಲಿಯವರೆಗೆ ಬಿಡ್ ಹಾಕಿದವರು ಅದನ್ನು ವಾಪಸ್ ತಗೊಳ್ಳಬಹುದು. ನಮ್ಮ ಗುಂಪುಗಳಲ್ಲಿ ಸುತ್ತಿಗೆ ಎಲ್ಲಿದೆ? ಅದಕ್ಕೇ ಸಮಯ ಮುಗಿದ ತಕ್ಷಣ ಅದೇ ಪೋಸ್ಟ್ ಕೆಳಗೆ "ಲಾಟ್ 14, 650 ರೂಪಾಯಿಗೆ ಇವರಿಗೆ ಆಯಿತು" ಅಂತ ಹೆಸರು ಟ್ಯಾಗ್ ಮಾಡಿ ಹಾಕಿ. ತುಂಬ ಜನ ಇದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಗೆದ್ದವರು "ನಾನು ಆಗಲೇ ಬೇಡ ಅಂದುಕೊಂಡಿದ್ದೆ" ಅಂದರೆ ತೋರಿಸೋದಕ್ಕೆ ಏನೂ ಇರಲ್ಲ.

ಗಡುವು ಮುಗಿಯಿತು, ದುಡ್ಡು ಬರಲಿಲ್ಲ. ಆಗ ಒಂದೇ ಒಂದು ನೆನಪು ಕಳಿಸಿ, ಮೆತ್ತಗೆ. ಅದಕ್ಕೂ ಉತ್ತರ ಇಲ್ಲದಿದ್ದರೆ ಎರಡನೇ ಮೆಸೇಜ್‌ನಲ್ಲಿ ಬೇಡಿಕೊಳ್ಳೋದೂ ಬೇಡ, ಬೈಯೋದೂ ಬೇಡ. ನಾನು ಬರೆಯೋದು ಹೀಗೆ: "ನಮಸ್ಕಾರ ಸಾರ್. ಲಾಟ್ 14ರ 650 ರೂಪಾಯಿ, ಅಂಚೆ ಖರ್ಚು ಬೇರೆ, ಇನ್ನೂ ಬಂದಿಲ್ಲ. ಶುಕ್ರವಾರ ಸಂಜೆ 6ರೊಳಗೆ ಬರದಿದ್ದರೆ ಈ ಲಾಟನ್ನು ಮತ್ತೆ ಮಾರುತ್ತೇನೆ." ಇಷ್ಟೇ. ಈ ಕೊನೆಯ ವಾಕ್ಯಕ್ಕೆ ಬೆಲೆ ಇದೆ. ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ, ದುಡ್ಡು ಸಿಗದ ಮಾರಾಟಗಾರ ಮಾಲನ್ನು ತನ್ನಲ್ಲೇ ತಡೆಹಿಡಿದುಕೊಂಡು, ಮತ್ತೆ ಮಾರುತ್ತೇನೆ ಅಂತ ತಿಳಿಸಿ, ತಕ್ಕಷ್ಟು ಸಮಯ ಕೊಟ್ಟು ಮಾರಬಹುದು. ಕಡಿಮೆಗೆ ಹೋದರೆ ನಷ್ಟವನ್ನು ಮೊದಲನೆಯವರಿಂದ ಕೇಳಬಹುದು, ಜಾಸ್ತಿಗೆ ಹೋದರೆ ಲಾಭ ನಿಮ್ಮದೇ. ಆದರೆ ತಿಳಿಸದೆ ಮಾರಿದರೆ ಉಲ್ಟಾ. ನಷ್ಟ ಕೇಳುವ ಹಾಗಿಲ್ಲ, ಲಾಭವೂ ಮೊದಲನೆಯವರಿಗೆ ಸೇರಬೇಕಾಗುತ್ತದೆ. 650 ರೂಪಾಯಿಗೆ ಯಾರೂ ಕೋರ್ಟಿಗೆ ಹೋಗಲ್ಲ, ಗೊತ್ತು. ಆದರೂ ತಾರೀಕು, ಗಂಟೆ ಇರುವ ಮೆಸೇಜ್ ಒಂದು ಇದ್ದರೆ ನಾಳೆ "ನನ್ನ ಮಾಲು ಬೇರೆಯವರಿಗೆ ಕೊಟ್ಟ" ಅಂತ ಗುಂಪಿನಲ್ಲಿ ಗಲಾಟೆ ಎದ್ದಾಗ ಅಡ್ಮಿನ್‌ಗೆ ತೋರಿಸಬಹುದು. ಅದಕ್ಕೇ ಇದನ್ನು ಫೋನ್‌ನಲ್ಲಿ ಹೇಳಬೇಡಿ, ಬರೆದೇ ಕಳಿಸಿ.

ಎರಡನೇ ಬಿಡ್‌ದಾರರಿಗೆ (ಗೆದ್ದವರ ನಂತರ ಹೆಚ್ಚು ಕೂಗಿದವರಿಗೆ) ಆ ಲಾಟ್ ಕೊಡೋದರಲ್ಲಿ ಒಂದು ನ್ಯಾಯದ ಪ್ರಶ್ನೆ ಇದೆ. ಅವರ ಕೊನೆಯ ಬಿಡ್ 600 ಅಂತಿಟ್ಟುಕೊಳ್ಳಿ. ಅದೇ ರೇಟಿಗೆ ಕೇಳಬಹುದು, ತಪ್ಪೇನಿಲ್ಲ. ಗೆದ್ದವರು ದುಡ್ಡು ಕೊಡದಿದ್ದಾಗ ಸೋತವರಿಗೆ ಕಳಿಸುವ ಇಬೇಯ ಸೆಕೆಂಡ್ ಚಾನ್ಸ್ ಆಫರ್ ಕೂಡ ಹಾಗೇ, ಅವರವರ ಅತಿ ಹೆಚ್ಚಿನ ಬಿಡ್‌ಗೇ ಹೋಗುತ್ತದೆ. ಆದರೆ ಅವರು 300ರಲ್ಲಿದ್ದಾಗ, ದುಡ್ಡು ಕೊಡದ ಮನುಷ್ಯ ಒಬ್ಬನೇ ಎದುರು ನಿಂತು ಅವರನ್ನು 600ರವರೆಗೆ ಏರಿಸಿದ ಅಂತಾದರೆ ಆ ಏರಿಕೆ ನಿಜದ್ದಲ್ಲ. ಅಂಥ ಕಡೆ ನಾನು ಲಾಟನ್ನು ಹೊಸದಾಗಿ ಹರಾಜಿಗೆ ಹಾಕುತ್ತೇನೆ, ಇಲ್ಲವೇ ಅವರನ್ನೇ ಕೇಳಿ ಒಂದು ರೇಟಿಗೆ ಬರುತ್ತೇನೆ. ಗೆಳೆಯರ ಕೈಯಲ್ಲಿ ರೇಟು ಏರಿಸುವ ಮಾರಾಟಗಾರರೂ ಇದ್ದಾರೆ, ಜನರಿಗೆ ಆ ಅನುಮಾನ ಇದ್ದೇ ಇರುತ್ತದೆ. ಆ ಸಾಲಿಗೆ ನಮ್ಮ ಹೆಸರು ಸೇರಬಾರದು, ಅಲ್ವಾ?

ದುಡ್ಡು ಬರುವ ಮುಂಚೆ ಮಾಲು ಕಳಿಸಲೇಬೇಡಿ, ಎಷ್ಟೇ ಪರಿಚಯದವರಾಗಲಿ. "ಹಾಕಿದ್ದೀನಿ" ಅಂತ ಬರುವ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಆ್ಯಪ್ ತೆಗೆದು ಖಾತೆಗೆ ಬಂದಿದೆಯಾ ನೋಡಿ. ದುಡ್ಡು ಪಡೆಯೋದಕ್ಕೆ ಪಿನ್ ಒತ್ತಿ ಅಂತ ಯಾರಾದರೂ ಹೇಳಿದರೆ ಅದು ಮೋಸ. ಯುಪಿಐ ಪಿನ್ ಬೇಕಾಗೋದು ದುಡ್ಡು ಕಳಿಸುವಾಗ, ಪಡೆಯುವಾಗಲ್ಲ.

ಕಾಯೋದರಿಂದ ಆಗುವ ನಷ್ಟ ಬರೀ ದುಡ್ಡಿನದಲ್ಲ. ನಮ್ಮದು ಮಲೆನಾಡು. ಆಷಾಢದ ಮಳೆಯಲ್ಲಿ ಬಳಸದ ಸ್ಟಾಂಪಿನ ಹಿಂದಿನ ಗೋಂದು ತೇವ ಹೀರಿಕೊಳ್ಳುತ್ತದೆ. ಮೊದಲು ಅಂಚು ಸುರುಳಿಯಾಗುತ್ತದೆ, ಆಮೇಲೆ ಕವರಿಗೇ ಅಂಟಿಕೊಳ್ಳುತ್ತದೆ. ಬಿಡಿಸಿದರೆ ಗೋಂದು ಕಿತ್ತು ಬರುತ್ತದೆ, ಸ್ಟಾಂಪಿನ ಬೆಲೆ ಅಲ್ಲಿಗೆ ಇಳಿಯಿತು. ಪ್ಯಾಕ್ ಮಾಡಿ, ಎರಡು ರಟ್ಟಿನ ನಡುವೆ ಇಟ್ಟು, ವಿಳಾಸ ಬರೆದು ಕೂತ ಲಾಟುಗಳಿಗೇ ಹೀಗಾಗೋದು ಜಾಸ್ತಿ, ಯಾಕೆಂದರೆ ಅವನ್ನು ಯಾರೂ ತೆಗೆದು ನೋಡಲ್ಲ. ದುಡ್ಡು ಬರುವ ತನಕ ಲಾಟನ್ನು ಆಲ್ಬಂನಲ್ಲೇ ಇಡಿ, ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಇಬೇ ಭಾರತದ ತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಈಗ ಇಲ್ಲಿಂದ ಮಾರೋದು ಹೊರದೇಶದ ಗಿರಾಕಿಗಳಿಗೆ. ನೀವೂ ಮುಂದೆ ಇಬೇಗೆ ಹೋದರೆ ದುಡ್ಡು ಕೊಡದವರನ್ನು ನಿಭಾಯಿಸೋದು ಸಲೀಸು. ಕೊಂಡವರಿಗೆ 4 ದಿನ ಸಮಯ, ಅದು ಮುಗಿದ ಮೇಲೆ "ದುಡ್ಡು ಕೊಟ್ಟಿಲ್ಲ" ಅನ್ನುವ ಕಾರಣ ಕೊಟ್ಟು ಆರ್ಡರ್ ರದ್ದು ಮಾಡಬಹುದು. ಮಾರಾಟದ ಶುಲ್ಕ ವಾಪಸ್ ಬರುತ್ತದೆ, ಕೊಂಡವರ ಖಾತೆಯಲ್ಲಿ ಅದು ದಾಖಲಾಗುತ್ತದೆ. ಪದೇ ಪದೇ ಹೀಗೆ ಮಾಡುವವರು ಬಿಡ್ ಹಾಕದ ಹಾಗೆ ಸೆಟ್ಟಿಂಗ್‌ನಲ್ಲೇ ತಡೆಯಬಹುದು. ಆದರೆ 2008ರಿಂದ ಅಲ್ಲಿ ಮಾರುವವರು ಕೊಳ್ಳುವವರಿಗೆ ಕೆಟ್ಟ ಫೀಡ್‌ಬ್ಯಾಕ್ ಕೊಡುವ ಹಾಗಿಲ್ಲ.

ನಮ್ಮ ಗುಂಪುಗಳಲ್ಲಿ ಜನ ಇದಕ್ಕೆ ವಿರುದ್ಧ ಮಾಡುತ್ತಾರೆ. ಕೈಕೊಟ್ಟವರ ಫೋಟೊ, ಫೋನ್ ನಂಬರ್ ಎಲ್ಲ ಹಾಕಿ ಮಾನ ಕಳೆಯುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಆಸ್ಪತ್ರೆಯಲ್ಲಿರುವವರು, ಫೋನ್ ಕಳೆದುಕೊಂಡವರು ಇರುತ್ತಾರೆ. ಮಾನನಷ್ಟದ ದೂರು ಬಂದರೆ ನಿಮ್ಮ ತಲೆ ಮೇಲೇ ಬರುತ್ತದೆ. ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಅಡ್ಮಿನ್‌ಗೆ ಮಾತ್ರ ಕಳಿಸಿ, ನಿಮ್ಮ ಮುಂದಿನ ಹರಾಜುಗಳಿಂದ ಅವರನ್ನು ಹೊರಗಿಡಿ, ಸಾಕು.

ಈಗಿನ ಲಾಟ್‌ನ ವಿಷಯ. ನೀವು ಗಡುವು ಬರೆದಿರಲಿಲ್ಲ ಅಂತ ಕಾಣುತ್ತದೆ, ಹಾಗಾಗಿ ಅವರಿಗೆ ಇವತ್ತಿನಿಂದ 3 ದಿನ ಕೊಡಿ, ಮೇಲೆ ಬರೆದ ಹಾಗೇ ಮರುಮಾರಾಟದ ಮಾತು ಸೇರಿಸಿ. ತಾರೀಕು ಹೇಳಿದರೆ ಒಪ್ಪಿಕೊಳ್ಳಿ. ಮತ್ತೆ "ನಾಳೆ" ಅಂದರೆ ನಾಲ್ಕನೇ ದಿನ ಹರಾಜಿಗೆ ಹಾಕಿ, ಎರಡನೇ ಬಿಡ್‌ದಾರರಿಗೆ ಒಂದು ಮೆಸೇಜ್ ಬಿಡಿ. ಅವರು ಹತ್ತು ದಿನದಲ್ಲಿ ಅದೇ ಸ್ಟಾಂಪನ್ನು ಬೇರೆ ಕಡೆ ಕೊಂಡಿರಬಹುದು, ಕೇಳಿ ನೋಡಿ.