ನೀವು ಮೆತ್ತಗಿಲ್ಲ, ನಿಮ್ಮ ಕೆಲಸ ಕಾಣ್ತಿಲ್ಲ ಅಷ್ಟೆ

ಪ್ರಶ್ನೆ: ನಾನು 36 ವರ್ಷದ ಮಹಿಳೆ. ಟೆಸ್ಟಿಂಗ್‌ನಲ್ಲಿ ಶುರು ಮಾಡಿ ಈಗ ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೇನೆ. ಟೀಮಿನವರು ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಕಳೆದ ಪ್ರಾಜೆಕ್ಟಿನಲ್ಲಿ ಹಿರಿಯ ಡೆವಲಪರ್ ಒಬ್ಬರು ಕೆಲಸ ಬಿಡುವ ಯೋಚನೆಯನ್ನು ನನಗೆ ಮಾತ್ರ ಹೇಳಿದ್ದರು. ಅವರ ಭಾಗವನ್ನು ಇನ್ನಿಬ್ಬರು ಕಲಿಯುವ ಹಾಗೆ ನೋಡಿಕೊಂಡೆ. ಅವರು ಹೋದರೂ ರಿಲೀಸ್ ಹೇಳಿದ ದಿನವೇ ಆಯಿತು. ಆದರೆ ಪ್ರೊಮೋಷನ್ ಸಿಕ್ಕಿದ್ದು ಸಹೋದ್ಯೋಗಿಗೆ. ಅವನ ರಿಪೋರ್ಟ್ ಸದಾ ಹಸಿರು (ಎಲ್ಲ ಸರಿ ಇದೆ ಅಂತ), ನನ್ನದರಲ್ಲಿ ಯಾವಾಗಲೂ ಒಂದಿಷ್ಟು ಕೆಂಪು (ಸಮಸ್ಯೆ ಇದೆ ಅಂತ). ಮೀಟಿಂಗ್ ನೋಟ್ಸ್ ಬರೆಯೋದು, ಬೀಳ್ಕೊಡುಗೆಗೆ ದುಡ್ಡು ಸೇರಿಸೋದು ಎಲ್ಲ ನನ್ನ ತಲೆ ಮೇಲೇ. ಬಾಸ್ ಹೇಳ್ತಾರೆ: ‘ಜನರ ಜೊತೆ ಚೆನ್ನಾಗಿದ್ದೀರಿ, ಆದರೆ ಟೆಕ್ನಿಕಲ್ ಹಿಡಿತ ಸಾಲದು, ಸ್ವಲ್ಪ ಗಟ್ಟಿಯಾಗಿ.’ ನಾನು ಬದಲಾಗಬೇಕಾ? ಸರ್ಟಿಫಿಕೇಟ್ ಮಾಡಲಾ? ಇಲ್ಲ ಈ ಲೈನೇ ಬಿಡಲಾ?
– ಹೆಸರು ಬೇಡ

ಉತ್ತರ: ಮೊದಲು ಆ ಡೆವಲಪರ್ ವಿಷಯಕ್ಕೆ ಬರುತ್ತೇನೆ, ಯಾಕಂದ್ರೆ ನಿಮ್ಮ ಪತ್ರದಲ್ಲಿ ಅದನ್ನು ಸುಮ್ನೆ ಹೀಗೆ ಬಂದು ಹಾಗೆ ಹೋಗುವ ಮಾತಿನಂತೆ ಬರೆದಿದ್ದೀರಿ. ಅದು ಒಳ್ಳೆಯತನ ಅಲ್ಲ ರೀ, ಅದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ಒಬ್ಬರಿಗೆ ಮಾತ್ರ ಗೊತ್ತಿರುವ ಕೋಡ್, ಆ ಒಬ್ಬರು ಹೊರಡುವ ಸಾಧ್ಯತೆ, ಮುಂದೆ ತಪ್ಪಿಸಲಾಗದ ರಿಲೀಸ್ ದಿನಾಂಕ. ಇದಕ್ಕಿಂತ ದೊಡ್ಡ ರಿಸ್ಕ್ ಆ ಪ್ರಾಜೆಕ್ಟಿನಲ್ಲಿ ಇನ್ನೇನಿತ್ತು? ನೀವು ಅದನ್ನು ತೆಗೆದುಹಾಕಿದಿರಿ. ಏನೂ ಆಗಲಿಲ್ಲ. ಏನೂ ಆಗದ ಕಾರಣ ಯಾರಿಗೂ ಗೊತ್ತಾಗಲಿಲ್ಲ.

ಅವರು ನಂಬಿ ಹೇಳಿದ್ದನ್ನು ಹೇಗೆ ಬಯಲು ಮಾಡೋದು ಅಂತ ಸುಮ್ಮನಿದ್ದಿರಬಹುದು. ಸರಿಯೇ, ಮಾಡಬಾರದು. ಒಂದು ಸಲ ನಂಬಿಕೆ ಹೋದರೆ ಆಮೇಲೆ ಯಾರೂ ನಿಮ್ಮ ಹತ್ತಿರ ಬಾಯಿ ಬಿಡಲ್ಲ, ನಿಮ್ಮ ಕೆಲಸವೇ ನಿಂತುಹೋಗುತ್ತದೆ. ಆದರೆ ಅವರ ಗುಟ್ಟು ಬೇರೆ, ಪ್ರಾಜೆಕ್ಟಿನ ರಿಸ್ಕ್ ಬೇರೆ. ‘ಪೇಮೆಂಟ್ ಮಾಡ್ಯೂಲ್ ಒಬ್ಬರಿಗೇ ಗೊತ್ತು, ಅವರು ಯಾವ ಕಾರಣಕ್ಕೆ ಸಿಗದೆ ಹೋದರೂ ರಿಲೀಸ್ ನಿಲ್ಲುತ್ತದೆ, ಈ ತಿಂಗಳೊಳಗೆ ಇನ್ನಿಬ್ಬರನ್ನು ತಯಾರು ಮಾಡುತ್ತೇವೆ’ ಅಂತ ರಿಸ್ಕ್ ರಿಜಿಸ್ಟರ್‌ನಲ್ಲಿ, ಅಂದರೆ ಪ್ರಾಜೆಕ್ಟಿಗೆ ಬರಬಹುದಾದ ತೊಂದರೆಗಳ ಪಟ್ಟಿಯಲ್ಲಿ, ಬರೆಯೋದಕ್ಕೆ ಯಾರ ಹೆಸರೂ ಬೇಡ, ಯಾರ ಮನೆ ಕಥೆಯೂ ಬೇಡ. ತಯಾರಿ ಮುಗಿದ ದಿನ ಅದೇ ಸಾಲಿನ ಮುಂದೆ ‘ಮುಗಿದಿದೆ’ ಅಂತ ಬರೆದು ಬಾಸ್‌ಗೆ ಕಳಿಸಿ. ಅವರು ಹೋದಾಗ ಆ ಸಾಲು ತಾನೇ ಮಾತಾಡುತ್ತದೆ. ‘ಟೀಮಿನವರು ನನ್ನನ್ನು ನಂಬುತ್ತಾರೆ’ ಅಂತ ನೀವು ಹೇಳಿದರೆ ಬಾಸ್ ಕಿವಿಗೆ ಅದು ಹೊಗಳಿಕೆ ಥರ ಕೇಳಿಸುತ್ತದೆ, ‘ಈ ವಿಷಯ ನನಗೆ ಆರು ವಾರ ಮುಂಚೆ ಗೊತ್ತಾಯಿತು, ಹಾಗಾಗಿ ದಿನಾಂಕ ಉಳಿಯಿತು’ ಅಂದರೆ ಅದೇ ಸಂಗತಿ ಕೆಲಸದ ಥರ ಕೇಳಿಸುತ್ತದೆ. ಅನ್ಯಾಯ ಅನ್ನಿಸುತ್ತಾ? ಹೌದು, ಸ್ವಲ್ಪ ಅನ್ಯಾಯವೇ. ಆದರೂ ಹಾಗೇ ಹೇಳಿ.

ಇನ್ನು ಹಸಿರು–ಕೆಂಪು. ಆಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ಟೀಮ್‌ಗಳನ್ನು ನೋಡಿದರು. ಒಳ್ಳೆಯ ಟೀಮ್‌ಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಅಂದುಕೊಂಡಿದ್ದರು. ಲೆಕ್ಕದಲ್ಲಿ ಉಲ್ಟಾ ಬಂತು, ಒಳ್ಳೆಯ ಟೀಮ್‌ಗಳಲ್ಲೇ ತಪ್ಪುಗಳು ಜಾಸ್ತಿ. ಆ ಟೀಮ್‌ಗಳಲ್ಲಿ ಜನ ಹೆದರದೆ ತಪ್ಪನ್ನು ಹೇಳಿಕೊಳ್ಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು ಅನ್ನೋದು ಅವರಿಗೆ ಆಮೇಲೆ ಹೊಳೆದದ್ದು. ನಿಮ್ಮ ರಿಪೋರ್ಟಿನ ಕೆಂಪಿಗೂ ಇದೇ ಕಾರಣ ಇರಬಹುದು. ನಿಮ್ಮ ಸಹೋದ್ಯೋಗಿಯ ಬಗ್ಗೆ ನನಗೆ ಗೊತ್ತಿಲ್ಲ, ಅವರ ಪ್ರಾಜೆಕ್ಟ್ ನಿಜಕ್ಕೂ ಹಸಿರೇ ಇರಬಹುದು. ಆದರೆ ಮೇಲೆ ಹಸಿರು ಒಳಗೆ ಕೆಂಪು ಇರುವ ಕಲ್ಲಂಗಡಿ ರಿಪೋರ್ಟ್‌ಗಳ ಬಗ್ಗೆ ಈ ಫೀಲ್ಡಿನಲ್ಲಿ ಇರುವವರಿಗೆ ಹೊಸದಾಗಿ ಹೇಳಬೇಕಾಗಿಲ್ಲ ಅಲ್ವಾ. ನೀವು ಮಾಡಬೇಕಾದ್ದು ಇಷ್ಟು: ಬರೀ ಕೆಂಪು ಬಣ್ಣ ಕಳಿಸಬೇಡಿ. ಸಮಸ್ಯೆ ಯಾವಾಗ ಸಿಕ್ಕಿತು, ಯಾರು ನೋಡ್ತಿದ್ದಾರೆ, ಯಾವತ್ತಿಗೆ ಮುಗಿಯುತ್ತದೆ ಅಂತ ಪ್ರತಿ ಸಲವೂ ಪಕ್ಕದಲ್ಲೇ ಬರೆಯಿರಿ. ಬರೀ ಕೆಂಪು ನೋಡಿದವರಿಗೆ ಗಾಬರಿಯಾಗುತ್ತದೆ, ಪಕ್ಕದಲ್ಲಿ ದಿನಾಂಕ ಇದ್ದರೆ ಧೈರ್ಯ ಬರುತ್ತದೆ.

ಈಗ ನಿಮಗೆ ಇಷ್ಟವಾಗದ ಮಾತು. ಟೆಕ್ನಿಕಲ್ ಹಿಡಿತದ ಬಗ್ಗೆ ಬಾಸ್ ಹೇಳಿದ್ದರಲ್ಲಿ ಒಂದು ಪಾಲು ನಿಜ ಇರಬಹುದು. ನೀವು ಕೋಡ್ ಬರೆಯಬೇಕಾಗಿಲ್ಲ. ಆದರೆ ಡಿಸೈನ್ ಮೀಟಿಂಗಿನಲ್ಲಿ ನೋಟ್ಸ್ ಬರೆಯುತ್ತಾ ಕೂತವರಿಗೆ ಪ್ರಶ್ನೆ ಕೇಳೋದಕ್ಕೆ ಪುರುಸೊತ್ತೆಲ್ಲಿ? ಪ್ರಶ್ನೆ ಕೇಳದವರಿಗೆ ಏನೂ ಗೊತ್ತಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ನೋಟ್ಸ್ ಸರದಿ ಮೇಲೆ ಹಾಕಿ, ಮುಂದಿನ ವಾರದಿಂದಲೇ. ಟೆಸ್ಟಿಂಗ್‌ನಿಂದ ಬಂದವರು ನೀವು. ಇದು ಎಲ್ಲಿ ಮುರಿಯುತ್ತದೆ, ಲೋಡ್ ಜಾಸ್ತಿಯಾದರೆ ಏನಾಗುತ್ತದೆ, ಹಾಳಾದರೆ ಹಿಂದಿನ ವರ್ಷನ್‌ಗೆ ಹೋಗೋದು ಹೇಗೆ, ಯಾವ ಟೀಮಿನ ಎಪಿಐಗಾಗಿ (ಅವರ ಸಾಫ್ಟ್‌ವೇರ್ ಜೊತೆ ನಮ್ಮದನ್ನು ಜೋಡಿಸುವ ಕೊಂಡಿ) ನಾವು ಕಾಯ್ತಿದ್ದೇವೆ – ಇಂಥ ಪ್ರಶ್ನೆ ಕೇಳೋದು ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಬೀಳ್ಕೊಡುಗೆ ದುಡ್ಡು ಸೇರಿಸುವ ಕೆಲಸವಂತೂ ಪೂರ್ತಿ ಬಿಡಿ. ಜನರನ್ನು ನೋಡಿಕೊಳ್ಳೋದು ಅಂದರೆ ಇದಲ್ಲ. ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಯಾರಾದರೂ ಮಾಡಲೇಬೇಕಾದ, ಆದರೆ ಮಾಡಿದವರಿಗೆ ಬೆಳವಣಿಗೆ ತರದ ಕೆಲಸಕ್ಕೆ ಗಂಡಸರು ಹೆಂಗಸರು ಸೇರಿದ ಗುಂಪಿನಲ್ಲಿ ಹೆಂಗಸರೇ ಜಾಸ್ತಿ ಮುಂದೆ ಬಂದರು. ಬರೀ ಗಂಡಸರ ಗುಂಪಿಗೂ ಬರೀ ಹೆಂಗಸರ ಗುಂಪಿಗೂ ಹೋಲಿಸಿದರೆ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇದು ಹೆಣ್ಣಿನ ಹುಟ್ಟುಗುಣ ಏನಲ್ಲ, ‘ಅವರು ಮಾಡ್ತಾರೆ ಬಿಡು’ ಅಂತ ಎಲ್ಲರೂ ಕಾಯ್ತಾ ಕೂತಿರುತ್ತಾರೆ. ನೀವು ಕೈ ಎತ್ತದೆ ಎರಡು ನಿಮಿಷ ಸುಮ್ಮನಿರಿ. ಕಷ್ಟ ಆಗುತ್ತದೆ, ಇರಿ.

ಸರ್ಟಿಫಿಕೇಟ್? ಬೇಕಾದರೆ ಮಾಡಿ, ಆದರೆ ಬಾಸ್ ಮಾತಿಗೆ ಉತ್ತರವಾಗಿ ಬೇಡ. ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಪಿಎಂಪಿ ಪರೀಕ್ಷೆಯನ್ನು 2021ರಲ್ಲಿ ಬದಲಾಯಿಸಿದಾಗ 42% ಪ್ರಶ್ನೆಗಳನ್ನು ಜನರಿಗೆ ಸಂಬಂಧಿಸಿದ ಭಾಗಕ್ಕೇ ಇಟ್ಟರು. ನಿಮ್ಮಲ್ಲಿ ಈಗಾಗಲೇ ಇರೋದನ್ನೇ ಅದು ಕೇಳುತ್ತದೆ. ಇನ್ನೂ ಒಂದು ತಮಾಷೆ ನೋಡಿ, 2001ರಲ್ಲಿ, ಸಾಫ್ಟ್‌ವೇರ್ ಕೆಲಸ ಹೇಗಿರಬೇಕು ಅಂತ ಹೇಳುವ ಅಜೈಲ್ ಪ್ರಣಾಳಿಕೆ ಬರೆದ 17 ಜನರೂ ಗಂಡಸರೇ, ಅವರು ಮೊದಲ ಸಾಲಿನಲ್ಲೇ ಜನ ಮತ್ತು ಅವರ ಒಡನಾಟ ಪ್ರಕ್ರಿಯೆಗಿಂತ, ಟೂಲ್‌ಗಳಿಗಿಂತ ಮುಖ್ಯ ಅಂದರು. ಅವರಿಗೆ ಯಾರೂ ಗಟ್ಟಿಯಾಗಿ ಅಂತ ಹೇಳಿದ ಹಾಗಿಲ್ಲ.

ಬಾಸ್ ಹತ್ತಿರ ಈ ‘ಗಟ್ಟಿ’ ಅಂದರೆ ಏನು ಅಂತ ನೇರವಾಗಿ ಕೇಳಿ. ಯಾವ ಮೀಟಿಂಗಿನಲ್ಲಿ, ಯಾವ ತೀರ್ಮಾನದಲ್ಲಿ ನಾನು ಬೇರೆ ಥರ ಮಾಡಬೇಕಿತ್ತು? ಮುಂದಿನ ಪ್ರೊಮೋಷನ್‌ಗೆ ಏನು ನೋಡ್ತೀರಿ? ಮಾತಾಡಿದ್ದನ್ನು ಅವತ್ತೇ ಇಮೇಲ್ ಮಾಡಿ. ಉದಾಹರಣೆ ಸಿಕ್ಕಿದರೆ ತಿದ್ದಿಕೊಳ್ಳಿ. ಮುಂದಿನ ರಿವ್ಯೂನಲ್ಲೂ ಉದಾಹರಣೆ ಇಲ್ಲದೆ ಅದೇ ಮಾತು ಬಂದರೆ ಬಿಡಬೇಕಾದ್ದು ಈ ಲೈನಲ್ಲ, ಆ ಕಂಪನಿ. ಬೇರೆ ಕಡೆ ಇಂಟರ್‌ವ್ಯೂಗೆ ಹೋದಾಗ ಡೆವಲಪರ್ ಹೋದರೂ ದಿನಾಂಕ ಉಳಿದ ಕಥೆಯನ್ನೇ ಹೇಳಿ, ಹೆಸರಿಲ್ಲದೆ. ಆಮೇಲೆ ಅವರಿಗೂ ಒಂದು ಪ್ರಶ್ನೆ ಹಾಕಿ: ನಿಮ್ಮಲ್ಲಿ ಕೊನೆಯ ಸಲ ಪ್ರಾಜೆಕ್ಟ್ ತಡವಾಗಿದ್ದು ಯಾಕೆ? ಕಾರಣ ಹೇಳಿದರೆ ಮಾತು ಮುಂದುವರಿಸಿ. ಯಾರೋ ಒಬ್ಬರ ಮೇಲೆ ಹಾಕಿದರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ.