ಸಿಟಿ ಸ್ಕ್ಯಾನ್ ನಾರ್ಮಲ್ ಬಂದ ಮಾತ್ರಕ್ಕೆ ಮಿದುಳಿಗೆ ಏನೂ ಆಗಿಲ್ಲ ಅಂತ ಅಲ್ಲ

ಯಜಮಾನರು ಸ್ಕೂಟರಿನಿಂದ ಬಿದ್ದು ಮೂರು ತಿಂಗಳಾಯಿತು, ಸಿಟಿ ನಾರ್ಮಲ್, ಆದರೂ ಮರೆವು, ಸಿಟ್ಟು. ಮನೆಯವರು ನಾಟಕ ಅನ್ನುತ್ತಿದ್ದಾರೆ, ಡಿಟಿಐ (ಎಂಆರ್‌ಐನದೇ ಒಂದು ವಿಶೇಷ ಬಗೆ) ಅಥವಾ ಪೆಟ್ ಸ್ಕ್ಯಾನ್ (ಮಿದುಳಿನ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವುದು) ಮಾಡಿಸಿ ಅವರಿಗೆ ತೋರಿಸಬಹುದಾ ಅಂತ ಕೇಳಿದ್ದೀರಿ. ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮ ಮನೆಯಲ್ಲಿ ನಾಟಕ ಅಂದವನು ನಾನು. ಅನ್ನಿಸಿಕೊಂಡವನು ನನ್ನ ತಮ್ಮ.

ಅವನು ಶಿರಾ ಹತ್ತಿರ ಹೈವೇಯಲ್ಲಿ ಬೈಕಿನಿಂದ ಬಿದ್ದ. ಹೆಲ್ಮೆಟ್ ಇತ್ತು. ಸ್ವಲ್ಪ ಹೊತ್ತು ಪ್ರಜ್ಞೆ ಇರಲಿಲ್ಲ, ಬಿದ್ದದ್ದು ಹೇಗೆ ಅಂತ ಇವತ್ತಿಗೂ ನೆನಪಿಲ್ಲ. ಅವತ್ತು ರಾತ್ರಿಯೇ ಸಿಟಿ ಆಯಿತು. ರಕ್ತಸ್ರಾವ ಇಲ್ಲ, ಬುರುಡೆ ಮುರಿದಿಲ್ಲ ಅಂದರು. ನಾವು ದೇವರಿಗೆ ಕೈಮುಗಿದು ಮನೆಗೆ ಕರೆದುಕೊಂಡು ಬಂದೆವು.

ಅಲ್ಲಿಯವರೆಗೆ ಅವನು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದ, ಒಂದು ರೂಪಾಯಿ ಹೆಚ್ಚು ಕಡಿಮೆ ಆಗುತ್ತಿರಲಿಲ್ಲ. ಆಮೇಲೆ ಬಿಲ್ ಕೂಡಿಸುವಾಗ ಅರ್ಧಕ್ಕೇ ನಿಂತುಬಿಡುತ್ತಿದ್ದ, ಟ್ಯೂಬ್‌ಲೈಟ್ ಕಂಡರೆ ಕಣ್ಣು ಮುಚ್ಚುತ್ತಿದ್ದ, ಅಮ್ಮ ಎರಡು ಸಲ ಊಟಕ್ಕೆ ಕರೆದರೆ ತಟ್ಟೆ ಎಸೆಯುತ್ತಿದ್ದ.

ಎಂಆರ್‌ಐ ಮಾಡಿಸೋಣ ಅಂತ ನಾನೇ ಹೊರಟೆ. ಎಡವಿದ್ದು ಇಲ್ಲೇ. ಪರಿಚಯದ ಡಾಕ್ಟರ ಹತ್ತಿರ ಹೋಗಿ, ಅಪಘಾತ ಅಂತ ಬರೆದರೆ ಪೊಲೀಸು, ಕೇಸು ಅಂತ ಓಡಾಡಬೇಕಾಗುತ್ತದೆ, ಸುಮ್ನೆ ತಲೆನೋವು ಅಂತ ಬರೆದುಕೊಡಿ ಸಾರ್ ಅಂದೆ. ಅವರು ಬರೆದುಕೊಟ್ಟರು. ಸ್ಕ್ಯಾನ್ ಸೆಂಟರಿನಲ್ಲೂ ತಲೆನೋವು ಅಂತಲೇ ಹೇಳಿದೆ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಎಂಆರ್‌ಐ ಅಂದರೆ ಒಂದೇ ಫೋಟೋ ಅಲ್ಲ. ಅದರಲ್ಲಿ ಬೇರೆ ಬೇರೆ ಸೀಕ್ವೆನ್ಸ್‌ಗಳಿವೆ, ಒಂದೊಂದಕ್ಕೆ ಒಂದೊಂದು ಕಾಣುತ್ತದೆ. ಯಾವುದನ್ನು ತೆಗೆಯಬೇಕು ಅಂತ ರೇಡಿಯಾಲಜಿಸ್ಟ್ ತೀರ್ಮಾನಿಸುವುದು ಆ ಚೀಟಿ ನೋಡಿ. ತಲೆಗೆ ಪೆಟ್ಟು ಅಂತ ಗೊತ್ತಿದ್ದರೆ ಎಸ್‌ಡಬ್ಲ್ಯೂಐ ಅನ್ನುವುದನ್ನು ಸೇರಿಸುತ್ತಾರೆ. ಸಣ್ಣ ರಕ್ತನಾಳ ಹರಿದು ಹನಿ ರಕ್ತ ಸೋರಿದ್ದರೆ, ಅದರ ಕಬ್ಬಿಣದ ಅಂಶ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲೇ ಉಳಿದಿರುತ್ತದೆ. ಅದು ಎಸ್‌ಡಬ್ಲ್ಯೂಐನಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಮಾಮೂಲಿ ಸೀಕ್ವೆನ್ಸ್‌ನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ನಮ್ಮ ಚೀಟಿಯಲ್ಲಿ ಪೆಟ್ಟಿನ ಸುದ್ದಿಯೇ ಇರಲಿಲ್ಲ, ಅವರು ತಲೆನೋವಿಗೆ ತೆಗೆಯುವುದನ್ನು ತೆಗೆದರು. ರಿಪೋರ್ಟ್ ಮತ್ತೆ ನಾರ್ಮಲ್ ಬಂತು.

ಎರಡು ನಾರ್ಮಲ್ ರಿಪೋರ್ಟ್ ಕೈಯಲ್ಲಿ ಹಿಡಿದು ನಾನು ಅವನಿಗೆ ಎಲ್ಲರ ಮುಂದೆ ಬೈದೆ. ಕೆಲಸಗಳ್ಳ ಅಂದೆ. ಅಂಗಡಿಯವರು ಅವನನ್ನು ಬಿಡಿಸಿದರು. ಚಿಕಿತ್ಸೆ ಇಲ್ಲದೆ ಹೆಚ್ಚುಕಡಿಮೆ ಒಂದು ವರ್ಷ ಹೋಯಿತು.

ಕೊನೆಗೆ ಬೆಂಗಳೂರಿನ ನ್ಯೂರಾಲಜಿಸ್ಟ್ ಒಬ್ಬರು ಫಿಲ್ಮ್ ನೋಡುವ ಮೊದಲೇ ಕೇಳಿದ್ದು, ಬಿದ್ದಾಗ ಪ್ರಜ್ಞೆ ತಪ್ಪಿತ್ತಾ, ಎಷ್ಟು ಹೊತ್ತಿನದು ನೆನಪಿಲ್ಲ ಅಂತ. ಮತ್ತೆ ಎಂಆರ್‌ಐ ಆಯಿತು, ಈ ಸಲ ಸರಿಯಾಗಿ. ಮುಂಭಾಗದಲ್ಲಿ, ಮತ್ತೆ ಎಡ ಬಲ ಭಾಗಗಳನ್ನು ಜೋಡಿಸುವ ಕಾರ್ಪಸ್ ಕಲೋಸಮ್‌ನಲ್ಲಿ ಚುಕ್ಕೆಗಳಿದ್ದವು. ಅವರು ತಿಳಿಸಿ ಹೇಳಿದರು. ತಲೆ ಗಿರ್ರನೆ ತಿರುಗಿ ನಿಂತಾಗ ಒಳಗಿನ ಉದ್ದುದ್ದ ನರತಂತುಗಳು ಎಳೆದು ಹಾಳಾಗುತ್ತವೆ, ಬುರುಡೆಗೆ ಗೀರೂ ಬೀಳಬೇಕಾಗಿಲ್ಲ. ಮಡಕೆ ಗಟ್ಟಿಯಾಗೇ ಇದ್ದು ಒಳಗಿನ ಕೆನೆಮೊಸರು ಒಡೆದ ಹಾಗೆ.

ಹಾಗಂತ ಸಿಟಿಯನ್ನು ಬೈಯಬೇಡಿ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆ ಸಿಟಿ ಆಯಿತು. ಅದಕ್ಕೂ ಮೊದಲು ತಲೆಯೊಳಗೆ ರಕ್ತ ಎಲ್ಲಿ ಕಟ್ಟಿದೆ ಅಂತ ನೇರವಾಗಿ ನೋಡುವ ದಾರಿಯೇ ಇರಲಿಲ್ಲ. ಅದರ ಕೆಲಸ ಈಗಲೇ ಆಪರೇಷನ್ ಬೇಕಾ ಅಂತ ಹೇಳುವುದು, ಅದನ್ನು ನಿಮಿಷಗಳಲ್ಲಿ ಹೇಳುತ್ತದೆ. ಇವನು ಮೊದಲಿನ ಹಾಗೆ ಲೆಕ್ಕ ಮಾಡಬಲ್ಲನಾ ಅಂತ ಅದನ್ನು ಕೇಳಿದ್ದು ನಾವು. ತಲೆಪೆಟ್ಟಿನ ಬಗ್ಗೆ ಅಮೆರಿಕದಲ್ಲಿ ನಡೆದ ಟ್ರ್ಯಾಕ್-ಟಿಬಿಐ ಅನ್ನುವ ಅಧ್ಯಯನದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಸೌಮ್ಯ ಪೆಟ್ಟು, ಸಿಟಿ ನಾರ್ಮಲ್ ಇದ್ದವರಲ್ಲಿ ಸುಮಾರು 27% ಜನರಿಗೆ ಎಂಆರ್‌ಐಯಲ್ಲಿ ಗಾಯ ಕಂಡಿತ್ತು. ಉಳಿದವರಲ್ಲೂ ಎಲ್ಲರೂ ಪೂರ್ತಿ ಗುಣವಾಗಿರುತ್ತಾರೆ ಅಂತಲ್ಲ.

ಈಗ ನಿಮ್ಮ ಪ್ರಶ್ನೆ. ಸಾಬೀತು ಮಾಡಲು ಅಂತ ಸ್ಕ್ಯಾನ್ ಹುಡುಕಬೇಡಿ. ಡಿಟಿಐ ನರತಂತುಗಳ ಉದ್ದಕ್ಕೂ ನೀರಿನ ಚಲನೆ ಅಳೆಯುತ್ತದೆ, ಸಂಶೋಧನೆಗೆ ಬಹಳ ಒಳ್ಳೆಯದು. ಪೆಟ್ಟು ಬಿದ್ದವರ ಗುಂಪನ್ನು ಬೀಳದವರ ಗುಂಪಿನ ಜೊತೆ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ಆದರೆ ಒಬ್ಬರದನ್ನು ನೋಡಿ ಇವರಿಗೆ ಪೆಟ್ಟಾಗಿದೆ, ಇಲ್ಲ ಅಂತ ಖಚಿತವಾಗಿ ಹೇಳುವ ಮಟ್ಟಕ್ಕೆ ಅದಿನ್ನೂ ಬಂದಿಲ್ಲ. ಪೆಟ್ ಸ್ಕ್ಯಾನಿನದೂ ಅದೇ ಕಥೆ. ಅದೂ ನಾರ್ಮಲ್ ಬಂದರೆ? ನಿಮ್ಮ ಅತ್ತೆ ಮಾವನ ಕೈಗೆ ಇನ್ನೊಂದು ಕಾಗದ ಸಿಗುತ್ತದೆ, ಅಷ್ಟೇ. ಯಜಮಾನರು ಇನ್ನೂ ಒಂಟಿಯಾಗುತ್ತಾರೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ನನ್ನ ತಮ್ಮನಿಗೆ ದಾರಿ ತೋರಿಸಿದ್ದು ಚುಕ್ಕೆಗಳಲ್ಲ, ನ್ಯೂರೋಸೈಕಾಲಜಿ ಪರೀಕ್ಷೆ. ಗಮನ, ನೆನಪು, ಯೋಚನೆಯ ವೇಗ ಎಲ್ಲವನ್ನೂ ಕೂರಿಸಿಕೊಂಡು ಗಂಟೆಗಟ್ಟಲೆ ಅಳೆಯುತ್ತಾರೆ. ನಮ್ಮ ಜನರ ವಯಸ್ಸು, ಓದಿಗೆ ತಕ್ಕಂತೆ ಹೋಲಿಸುವ ಪರೀಕ್ಷೆಗಳನ್ನು ನಿಮ್ಹಾನ್ಸ್ 2004ರಲ್ಲೇ ಪ್ರಕಟಿಸಿದೆ. ಎಲ್ಲಿ ಕೊರತೆ ಇದೆ ಅಂತ ಗೊತ್ತಾದ ಮೇಲೆ ತರಬೇತಿ ಶುರುವಾಯಿತು. ಈಗ ಅವನು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಮಧ್ಯೆ ಮಧ್ಯೆ ಕಣ್ಣು ಮುಚ್ಚಿ ಕೂರುತ್ತಾನೆ, ಬೇರೆ ಕಡೆ ಅರ್ಧ ದಿನದ ಕೆಲಸ ಮಾಡುತ್ತಾನೆ. ಸಿಟ್ಟು ಬಹಳ ಕಡಿಮೆಯಾಗಿದೆ.

ನೀವು ಮೊದಲು ನ್ಯೂರಾಲಜಿಸ್ಟ್ ಹತ್ತಿರ ಹೋಗಿ. ಬಿದ್ದದ್ದನ್ನು ಇದ್ದ ಹಾಗೆ ಹೇಳಿ, ಯಾವುದನ್ನೂ ಮುಚ್ಚಿಡಬೇಡಿ. ಹಳೆಯ ಸಿಟಿಯ ಸಿಡಿಯನ್ನೇ ಒಯ್ಯಿರಿ, ರಿಪೋರ್ಟ್ ಹಾಳೆ ಮಾತ್ರ ಸಾಲದು. ಅವರು ಎಂಆರ್‌ಐ ಬರೆದರೆ ಚೀಟಿಯಲ್ಲಿ ತಲೆಪೆಟ್ಟು, ಬಿದ್ದ ತಾರೀಕು, ಎಸ್‌ಡಬ್ಲ್ಯೂಐ ಮೂರೂ ಇದೆಯಾ ಅಂತ ನೋಡಿಕೊಳ್ಳಿ. ಅಲ್ಲಿಯವರೆಗೆ ಸ್ಕೂಟರ್ ಕೀ ನಿಮ್ಮ ಹತ್ತಿರವೇ ಇರಲಿ.

ಇನ್ನೊಂದು. ತಲೆನೋವು ದಿನದಿನಕ್ಕೆ ಜಾಸ್ತಿಯಾದರೆ, ವಾಂತಿ, ಅತಿಯಾದ ಮಂಪರು, ಒಂದು ಕೈ ಅಥವಾ ಕಾಲಿನಲ್ಲಿ ಬಲ ಕಡಿಮೆ ಅನ್ನಿಸಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅದೇ ದಿನ ಕ್ಯಾಶುವಾಲ್ಟಿಗೆ ಹೋಗಿ ಮತ್ತೆ ಸಿಟಿ ಮಾಡಿಸಿ. ಮೊದಲ ದಿನ ಇಲ್ಲದ ರಕ್ತ ವಾರಗಳ ನಂತರವೂ ನಿಧಾನವಾಗಿ ಸೇರಿಕೊಳ್ಳಬಹುದು, ಅದರಲ್ಲೂ ವಯಸ್ಸಾದವರಿಗೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ. ಹಳೆಯ ನಾರ್ಮಲ್ ರಿಪೋರ್ಟ್ ನಂಬಿಕೊಂಡು ಮನೆಯಲ್ಲಿ ಕೂರಬೇಡಿ.